ಸರ್ವಜ್ಞನ ಹೊಸ ಲಿಪಿಕಾರ: ಇ-ಮೇಲ್ ಪಠ್ಯ ಮತ್ತು ಪಾಠಶುದ್ಧಿ

ಸರ್ವಜ್ಞನ ತ್ರಿಪದಿಗಳ ಪಾಠಾಂತರಗಳ ಚರ್ಚೆ ಕನ್ನಡಕ್ಕೆ ಹೊಸತಲ್ಲ. ಉತ್ತಂಗಿ ಚನ್ನಪ್ಪನವರು 1924ರಲ್ಲಿ ಸರ್ವಜ್ಞನ ವಚನಗಳ ಸಂಗ್ರಹವನ್ನು ಪ್ರಕಟಿಸಿದಂದಿನಿಂದ, ಬಾಯಿಂದ ಬಾಯಿಗೆ, ಪ್ರತಿಯಿಂದ ಪ್ರತಿಗೆ ಸಾಗುವ ಪದ್ಯ ರೂಪ ಬದಲಿಸುವ ಬಗೆ ವಿದ್ವಾಂಸರಿಗೆ ಪರಿಚಿತವೇ ಆಗಿದೆ. ಆದರೆ ಈ ಸಾಲಿಗೆ ಸೇರಿದ ಹೊಸ ಲಿಪಿಕಾರನೊಬ್ಬನನ್ನು ಗ್ರಂಥಸಂಪಾದನ ಶಾಸ್ತ್ರ ಇನ್ನೂ ಲೆಕ್ಕಕ್ಕೆ ಹಿಡಿದಂತಿಲ್ಲ. ಅವನು ಕಂಪ್ಯೂಟರು.

ಕವಿಯ ಹೆಸರಿನೊಡನೆ ಬೆಸೆದುಕೊಂಡ ಮಾಸೂರಿನಲ್ಲಿ ಸಂಶೋಧಕನೊಬ್ಬ ಹಿರಿಯರಿಂದ ಕೇಳಿ ಬರೆದುಕೊಂಡ ತ್ರಿಪದಿಗಳನ್ನು ‘ನುಡಿ’ಯ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿ ಇ-ಮೇಲಿನಲ್ಲಿ ಕಳುಹಿಸಿದನೆಂದು ಇಟ್ಟುಕೊಳ್ಳಬಹುದು. ಆ ಶೈಲಿಯಲ್ಲಿ ಇರುವುದು ಕನ್ನಡದ ವರ್ಣಗಳಲ್ಲ, ರೋಮನ್ ಲಿಪಿಗೆ ಮೀಸಲಾದ ಸ್ಥಾನಗಳಲ್ಲಿ ಕೂಡಿಸಿದ ಅಕ್ಷರಚಿತ್ರದ ತುಣುಕುಗಳು. ಸಂದೇಶದ ಒಡಲಿಗೆ ಅಂಟಿಸಿದಾಗ ಅಕ್ಷರಶೈಲಿ ಕಳಚಿಕೊಂಡರೆ ‘ಕ’ ಇದ್ದೆಡೆ ದೊಡ್ಡ ‘ಪಿ’, ‘ನ’ ಇದ್ದೆಡೆ ಪೌಂಡ್ ನಾಣ್ಯದ ಚಿಹ್ನೆ ಕಾಣುತ್ತದೆ. ಇದು ಕಣ್ಣಿಗೆ ರಾಚುವ ದೋಷ. ಆದ್ದರಿಂದಲೇ ಅಷ್ಟು ಅಪಾಯಕಾರಿಯಲ್ಲ.

ಅಪಾಯವಿರುವುದು ಯೂನಿಕೋಡಿಗೆ ಪರಿವರ್ತಿಸಿದ ಮೇಲೆ ಉಳಿಯುವ ‘ಬಹುಮಟ್ಟಿಗೆ ಸರಿ’ಯಾದ ಪಾಠದಲ್ಲಿ. ‘ಸರ್ವಜ್ಞ’ ಎಂಬ ಹೆಸರನ್ನೇ ನೋಡಬಹುದು. ಹಳೆಯ ಶೈಲಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ‘ವ’ದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರೇಫ ಉಚ್ಚಾರಣೆಯಂತೆ ‘ವ’ಕ್ಕೆ ಮೊದಲೇ ಇರಬೇಕು. ಪರಿವರ್ತಕ ಈ ಕ್ರಮವನ್ನು ತಿರುಗಿಸದಿದ್ದರೆ ಕವಿ ‘ಸವರ್ಜ್ಞ’ನಾಗುತ್ತಾನೆ, ನಾಡು ‘ಕನಾರ್ಟಕ’ವಾಗುತ್ತದೆ. ಕರಡು ತಿದ್ದುವವರ ಕಣ್ಣು ಹೆಸರುಗಳಲ್ಲಿ ಇದನ್ನು ಹಿಡಿದೀತು. ಅಪರೂಪದ ದೇಸಿ ಪದದಲ್ಲಿ ಹಿಡಿಯುವುದೆಂತು? ಅದು ಪಾಠಾಂತರವೆಂದೇ ಅಡಿಟಿಪ್ಪಣಿಗೆ ಸೇರಬಹುದು. ಪದ್ಯಗಳ ಅಕಾರಾದಿಯೂ ಕೆಡುತ್ತದೆ.

ಮೊದಲಿಂದ ಯೂನಿಕೋಡಿನಲ್ಲೇ ಬರೆದರೂ ಇ-ಮೇಲಿನ ದಾರಿ ಪೂರ್ಣ ನಿರಾತಂಕವಲ್ಲ. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟುಗಳು; ‘ಸರ್ವಜ್ಞ’ದಲ್ಲಿ 7 ಸಂಕೇತ, 21 ಬೈಟು. ಸಂದೇಶದ ತಲೆಬರಹದಲ್ಲಿ ಸಂಕೇತಕ್ರಮದ ಉಲ್ಲೇಖ ತಪ್ಪಿ, ಸ್ವೀಕರಿಸಿದ ತಂತ್ರಾಂಶ ಅದನ್ನು ವಿಂಡೋಸ್‌ನ ಪಾಶ್ಚಾತ್ಯ ಕೋಷ್ಟಕದಂತೆ ಓದಿದರೆ ಒಂದೊಂದು ಬೈಟೂ ಬೇರೊಂದು ಚಿಹ್ನೆಯಾಗುತ್ತದೆ. ಇದನ್ನು ಹಿಮ್ಮುಖವಾಗಿ ಸರಿಪಡಿಸಬಹುದೆಂಬುದು ನಿಜವಾದರೂ ಒಂದು ತೊಡಕಿದೆ. ಹಲಂತದ ಮೂರನೆಯ ಬೈಟಿಗೆ ಆ ಕೋಷ್ಟಕದಲ್ಲಿ ಯಾವ ಅಕ್ಷರವೂ ಇಲ್ಲ. ನಕಲಿಸುವಾಗ ಅದು ಉದುರಿದರೆ ಹೆಚ್ಚಿನ ವರ್ಣಗಳು ಮರಳಿದರೂ ಹಲಂತ ಮರಳುವುದಿಲ್ಲ. ಒತ್ತಕ್ಷರ ಬಿಡಿಯಾಗಿ, ಅದರ ಹಿಂದಿನ ಗುರು ಲಘುವಾಗಿ, ಅಂಶಗಣದ ಲೆಕ್ಕವೇ ತಪ್ಪುತ್ತದೆ.

ಹಳೆಯ ಅಕ್ಷರಶೈಲಿಗಳನ್ನು ಬಳಸಿದವರನ್ನು ದೂರುವುದು ಉಚಿತವಲ್ಲ. ಪುಟವಿನ್ಯಾಸದ ಅಂದಿನ ತಂತ್ರಾಂಶಗಳಿಗೆ ಯೂನಿಕೋಡ್ ಕನ್ನಡ ಒಗ್ಗುತ್ತಿರಲಿಲ್ಲ. ಅವು ಇಲ್ಲದಿದ್ದರೆ ಎಷ್ಟೋ ಪುಸ್ತಕಗಳು ಅಚ್ಚಾಗುತ್ತಲೇ ಇರಲಿಲ್ಲ. ಆದರೆ ಓಲೆಗರಿಯ ಲಿಪಿಕಾರನ ಕೈತಪ್ಪುಗಳನ್ನು ಪಟ್ಟಿ ಮಾಡುವ ಸಂಪಾದಕ, ತನ್ನ ಪಠ್ಯ ಯಾವ ಪರಿವರ್ತಕದ ಮೂಲಕ ಹಾದು ಬಂದಿತೆಂಬುದನ್ನು ಪ್ರಸ್ತಾವನೆಯಲ್ಲಿ ಹೇಳದಿರುವುದು ವಿಚಿತ್ರ. ಲೇಖನದೊಡನೆ ಅಕ್ಷರಶೈಲಿಯನ್ನು ಅಡಕಗೊಳಿಸಿದ ಪಿಡಿಎಫ್ ಪ್ರತಿಯನ್ನೂ ಕಳುಹಿಸಿದರೆ ತಾಳೆ ನೋಡಲು ಒಂದು ಆಧಾರಪ್ರತಿ ದೊರೆಯುತ್ತದೆ. ಕ್ಷೇತ್ರಕಾರ್ಯದ ಕೈಬರಹದ ಪುಸ್ತಕವನ್ನು ಬೆರಳಚ್ಚಾದ ಕೂಡಲೇ ರದ್ದಿಗೆ ಹಾಕಬಾರದು.