ಜೋಡಿಗೂಡಿಸಿ ಹೋಲಿಸುವುದು

ಪಾದರಕ್ಷೆಯ ಅಟ್ಟೆಗೆ ಒದಗುವ ಎರಡು ಕೃತಕ ಪದಾರ್ಥಗಳಲ್ಲಿ ಯಾವುದು ಹೆಚ್ಚು ಕಾಲ ಬಾಳುವುದು? ಯಾರಿಗೂ ಮೊದಲು ಹೊಳೆಯುವ ಉಪಾಯವಿದು: ಹತ್ತು ಹುಡುಗರಿಗೆ ಒಂದು ಬಗೆಯ ಜೋಡು, ಬೇರೆ ಹತ್ತು ಹುಡುಗರಿಗೆ ಇನ್ನೊಂದು ಬಗೆಯ ಜೋಡು ಕೊಟ್ಟು, ಕೆಲವು ಕಾಲದ ಮೇಲೆ ಸವೆತವನ್ನು ಅಳೆದು, ಸರಾಸರಿಗಳನ್ನು ಹೋಲಿಸುವುದು. ಆದರೆ ಹುಡುಗರೆಲ್ಲರೂ ಒಂದೇ ತೆರನಲ್ಲವಷ್ಟೆ. ಒಬ್ಬನು ದಾರಿಯ ಕಲ್ಲುಗಳನ್ನೆಲ್ಲ ಒದೆಯುತ್ತ ನಡೆಯುವವನು. ಇನ್ನೊಬ್ಬನು ಮೂಲೆಯಲ್ಲಿ ಪುಸ್ತಕ ಹಿಡಿದು ಕುಳಿತಿರುವವನು. ಹುಡುಗ ಹುಡುಗರ ನಡುವಣ ಈ ಅಂತರವು ಪದಾರ್ಥಗಳ ನಡುವಣ ಅಂತರಕ್ಕಿಂತ ಎಷ್ಟೋ ದೊಡ್ಡದು.

ಜಾರ್ಜ್ ಬಾಕ್ಸ್, ವಿಲಿಯಂ ಹಂಟರ್, ಸ್ಟುವರ್ಟ್ ಹಂಟರ್ ಎಂಬ ಮೂವರು ಸಂಖ್ಯಾಶಾಸ್ತ್ರಜ್ಞರು 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ಬೇರೊಂದು ಹಾದಿಯನ್ನು ತೋರಿಸಿದ್ದಾರೆ. ಹುಡುಗರು ಹತ್ತೇ ಮಂದಿ. ಪ್ರತಿಯೊಬ್ಬನ ಒಂದು ಕಾಲಿಗೆ 'ಅ' ಪದಾರ್ಥ, ಇನ್ನೊಂದು ಕಾಲಿಗೆ 'ಆ' ಪದಾರ್ಥ. ಯಾವ ಕಾಲಿಗೆ ಯಾವುದು ಎಂಬುದನ್ನು ನಾಣ್ಯವನ್ನು ಚಿಮ್ಮಿ ನಿರ್ಧರಿಸಲಾಯಿತು. ಸವೆತವು 6.4ರಿಂದ 14.3ರವರೆಗೆ ಹರಡಿತ್ತು. 'ಅ' ಪದಾರ್ಥದ ಸರಾಸರಿ 10.63, 'ಆ' ಪದಾರ್ಥದ್ದು 11.04. ಅಂತರ 0.41 ಮಾತ್ರ. ಅಂಕಿಗಳನ್ನು ಇಪ್ಪತ್ತು ಬೇರೆ ಬೇರೆ ಹುಡುಗರಿಂದ ಬಂದವೆಂದು ಭಾವಿಸಿ ಲೆಕ್ಕ ಹಾಕಿದರೆ 'ಟಿ' ಎಂಬ ಪ್ರಮಾಣವು 0.37 ಆಗುತ್ತದೆ. ಅಂದರೆ, ಪದಾರ್ಥಗಳಲ್ಲಿ ಭೇದವಿದೆಯೆನ್ನಲು ಯಾವ ಆಧಾರವೂ ಇಲ್ಲ.

ಈಗ ಪ್ರತಿ ಹುಡುಗನ ಎರಡು ಕಾಲುಗಳ ಸವೆತವನ್ನು ಒಂದರಿಂದೊಂದು ಕಳೆಯೋಣ. ದೊರೆಯುವ ಹತ್ತು ಅಂತರಗಳು 0.8, 0.6, 0.3, -0.1, 1.1, -0.2, 0.3, 0.5, 0.5, 0.3. ಹತ್ತರಲ್ಲಿ ಎಂಟು ಒಂದೇ ಕಡೆಗೆ ವಾಲಿವೆ. ಒದೆಯುವವನ ಎರಡು ಕಾಲೂ ಒದೆಯುವವನವೇ ಆದುದರಿಂದ, ಕಳೆದೊಡನೆ ಅವನ ಸ್ವಭಾವವೇ ಲೆಕ್ಕದಿಂದ ಕಳೆದುಹೋಯಿತು. ಉಳಿದ ಅಂತರಗಳ ಮಾನಕ ವಿಚಲನೆ 0.387; ಅದನ್ನು ಹತ್ತರ ವರ್ಗಮೂಲದಿಂದ ಭಾಗಿಸಿದರೆ 0.1224, ಸರಾಸರಿ ಅಂತರವಾದ 0.41ನ್ನು ಇದರಿಂದ ಭಾಗಿಸಿದರೆ 'ಟಿ' 3.35 ಆಗುತ್ತದೆ. ಪದಾರ್ಥಗಳು ಸಮಾನವಾಗಿದ್ದಲ್ಲಿ, ಕೇವಲ ಆಕಸ್ಮಿಕವಾಗಿ ಇಷ್ಟು ದೊಡ್ಡ ಬೆಲೆ ಒದಗುವುದು ನೂರಕ್ಕೆ ಒಂದು ಸಲಕ್ಕಿಂತಲೂ ವಿರಳ. ಅಂಕಿಗಳು ಅವೇ, ಜೋಡಿಯನ್ನು ಮರೆತಾಗ ಕಾಣದಿದ್ದುದು ಜೋಡಿಯನ್ನು ನೆನೆದಾಗ ಕಂಡಿತು.

ಈ 'ಟಿ' ಪರೀಕ್ಷೆಯ ಮೂಲಪುರುಷನು ಡಬ್ಲಿನ್ನಿನ ಗಿನ್ನೆಸ್ ಮದ್ಯ ತಯಾರಿಕೆಯ ಸಂಸ್ಥೆಯಲ್ಲಿ ಉದ್ಯೋಗದಲ್ಲಿದ್ದ ವಿಲಿಯಂ ಸೀಲಿ ಗಾಸೆಟ್. 'ಸ್ಟೂಡೆಂಟ್', ಅಂದರೆ ವಿದ್ಯಾರ್ಥಿ, ಎಂಬ ಗುಪ್ತನಾಮದಿಂದ 1908ರಲ್ಲಿ ಅವನು ಪ್ರಕಟಿಸಿದ ಲೇಖನದ ಮೊದಲ ಉದಾಹರಣೆಯೂ ಜೋಡಿಯದೇ: ಹತ್ತು ಮಂದಿ ರೋಗಿಗಳು, ಎರಡು ನಿದ್ರಾಜನಕ ಔಷಧಗಳು, ಒಬ್ಬೊಬ್ಬನಿಗೂ ಎರಡೂ.

ಈ ವಿವೇಕವನ್ನು ತೊರೆದರೆ ಏನಾಗುವುದೆಂಬುದಕ್ಕೆ ಸಾಕ್ಷಿ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಷೈರಿನಲ್ಲಿ ದೊರೆಯುತ್ತದೆ. ಶಾಲೆಯ ಮಕ್ಕಳಿಗೆ ದಿನವೂ ಹಾಲು ಕೊಟ್ಟರೆ ಅವರ ಬೆಳವಣಿಗೆ ಎಷ್ಟು ಹೆಚ್ಚುವುದು, ಹಸಿಹಾಲು ಮೇಲೋ ಪಾಶ್ಚರೀಕರಿಸಿದ ಹಾಲು ಮೇಲೋ ಎಂಬುದನ್ನು ತಿಳಿಯಲು 1930ರಲ್ಲಿ ಅಲ್ಲಿ ಸುಮಾರು ಇಪ್ಪತ್ತು ಸಾವಿರ ಮಕ್ಕಳನ್ನು ಪ್ರಯೋಗಕ್ಕೆ ಸೇರಿಸಿಕೊಂಡರು. ಹತ್ತು ಸಾವಿರ ಮಂದಿಗೆ ಹಾಲು. ಅವರಲ್ಲಿ ಅರ್ಧ ಮಂದಿಗೆ ಹಸಿಯದು, ಇನ್ನರ್ಧ ಮಂದಿಗೆ ಪಾಶ್ಚರೀಕರಿಸಿದುದು. ಉಳಿದ ಹತ್ತು ಸಾವಿರ ಮಂದಿಗೆ ಹಾಲಿಲ್ಲ. ಮಕ್ಕಳನ್ನು ಆರಿಸುವುದು ಚೀಟಿಯೆತ್ತಿ ಇಲ್ಲವೆ ಅಕಾರಾದಿಯಾಗಿ. ಅಷ್ಟಕ್ಕೇ ಬಿಟ್ಟಿದ್ದರೆ ಕೇಡಿರಲಿಲ್ಲ. ಆದರೆ ಒಂದು ಗುಂಪಿನಲ್ಲಿ ಪುಷ್ಟರೋ ಕೃಶರೋ ಹೆಚ್ಚಾಗಿ ಕಂಡರೆ ಕೆಲವರನ್ನು ಬದಲಿಸಬಹುದೆಂದು ಉಪಾಧ್ಯಾಯರಿಗೆ ಅನುಮತಿಯಿತ್ತರು. ಉಪಾಧ್ಯಾಯರ ಮನಸ್ಸು ಬಡವರ ಮಕ್ಕಳತ್ತ ಕರಗಿರಬೇಕು. ಪ್ರಯೋಗದ ಆರಂಭದಲ್ಲಿಯೇ, ಹಾಲಿಲ್ಲದ ಗುಂಪಿನ ಮಕ್ಕಳು ಹಾಲಿನ ಗುಂಪಿನವರಿಗಿಂತ ತೂಕದಲ್ಲಿ ಮೂರು ತಿಂಗಳಷ್ಟೂ ಎತ್ತರದಲ್ಲಿ ನಾಲ್ಕು ತಿಂಗಳಷ್ಟೂ ಮುಂದಿದ್ದರು! ಸಾಲದುದಕ್ಕೆ, ಮಕ್ಕಳನ್ನು ಚಳಿಗಾಲದಲ್ಲಿ ಒಮ್ಮೆ, ಬೇಸಗೆಯಲ್ಲಿ ಒಮ್ಮೆ ಬಟ್ಟೆ ಸಹಿತವಾಗಿ ತೂಗಿದರು. ದಪ್ಪ ಬಟ್ಟೆಯುಳ್ಳ ಸ್ಥಿತಿವಂತರ ಮಕ್ಕಳೂ, ಋತು ಬದಲಾದರೂ ಬಟ್ಟೆ ಬದಲಾಗದ ಬಡವರ ಮಕ್ಕಳೂ ಒಂದೇ ತಕ್ಕಡಿಯನ್ನೇರಿದರು. ಇನ್ನು ಒಂದು ಶಾಲೆಗೆ ಒಂದೇ ಬಗೆಯ ಹಾಲು ಬಂದುದರಿಂದ, ಎರಡು ಹಾಲುಗಳ ಹೋಲಿಕೆಯೆಂಬುದು ಶಾಲೆ ಶಾಲೆಗಳ ಹೋಲಿಕೆಯಾಗಿ ಪರಿಣಮಿಸಿತು.

ಉಪಾಧ್ಯಾಯರನ್ನು ದೂಷಿಸಲು ನನಗೆ ಮನಸ್ಸು ಬಾರದು. ಹಸಿದ ಮಗುವಿಗೆ ಹಾಲು ಕೊಡಿಸಿದವನು ತಪ್ಪಿತಸ್ಥನೆ? ತಪ್ಪು ಅವರ ಕರುಣೆಗೆ ಎಡೆಗೊಟ್ಟ ಯೋಜನೆಯದು.

ಇದನ್ನು 1931ರಲ್ಲಿ ವಿಮರ್ಶಿಸಿದವನೂ ಅದೇ 'ವಿದ್ಯಾರ್ಥಿ'. ಹಾಲುಗಳ ತಾರತಮ್ಯವೇ ಪ್ರಶ್ನೆಯಾದರೆ, ಏಕರೂಪದ ಅವಳಿ ಮಕ್ಕಳ ಐವತ್ತು ಜೋಡಿ ಸಾಕು. ಪ್ರತಿ ಜೋಡಿಯಲ್ಲಿ ಒಂದಕ್ಕೆ ಹಸಿಹಾಲು, ಇನ್ನೊಂದಕ್ಕೆ ಪಾಶ್ಚರೀಕರಿಸಿದುದು, ಯಾವುದಕ್ಕೆ ಯಾವುದೆಂಬುದನ್ನು ನಾಣ್ಯ ಹೇಳಲಿ ಎಂದು ಅವನು ಸೂಚಿಸಿದನು. ವೆಚ್ಚವು ಶೇಕಡಾ ಒಂದೆರಡು ಭಾಗಕ್ಕೆ ಇಳಿಯುತ್ತಿತ್ತು. ಫಲಿತಾಂಶವೂ ಹೆಚ್ಚು ನಂಬಿಕೆಗೆ ಅರ್ಹವಾಗುತ್ತಿತ್ತು.

ಸಂಖ್ಯೆ ದೊಡ್ಡದಾದರೆ ಏರುಪೇರುಗಳೆಲ್ಲ ತಾವಾಗಿಯೇ ಸರಿಹೋಗುವುವೆಂದು ವಾದಿಸುವವರು ಇಂದಿಗೂ ಇದ್ದಾರೆ. ಲಕ್ಷಗಟ್ಟಲೆ ಅಂಕಿಗಳು ಕ್ಷಣಮಾತ್ರದಲ್ಲಿ ಕೈಸೇರುವ ಈ ಕಾಲದಲ್ಲಿ ಆ ನಂಬಿಕೆ ಇನ್ನಷ್ಟು ಬಲಿತಿದೆ. ನಾನು ಇದನ್ನು ಒಪ್ಪಲಾರೆ. ಆಕಸ್ಮಿಕವಾದ ಏರುಪೇರು ಸಂಖ್ಯೆಯಿಂದ ಅಡಗುವುದು ನಿಜ. ಆದರೆ ಆಯ್ಕೆಯಲ್ಲಿಯೇ ಪಕ್ಷಪಾತ ಸೇರಿದ್ದರೆ, ಸಂಖ್ಯೆ ಹೆಚ್ಚಿದಂತೆಲ್ಲ ನಾವು ಆ ಪಕ್ಷಪಾತವನ್ನೇ ಹೆಚ್ಚು ನಿಷ್ಕೃಷ್ಟವಾಗಿ ಅಳೆಯುತ್ತೇವೆ. ಹೊಸ ಒಲೆಯೊಂದು ಸೌದೆಯನ್ನು ಉಳಿಸುವುದೆಂದು ಯಾರಾದರೂ ಹೇಳಿದರೆ, ಎಷ್ಟು ಮನೆಗಳಲ್ಲಿ ಅಳೆದಿರಿ ಎಂದು ಕೇಳುವುದಕ್ಕೆ ಮುನ್ನ, ಒಂದೇ ಮನೆಯಲ್ಲಿ ಅದೇ ಕೈ ಅದೇ ಅಡಿಗೆಯನ್ನು ಹಳೆಯ ಒಲೆಯ ಮೇಲೂ ಹೊಸತರ ಮೇಲೂ ಮಾಡಿತ್ತೆ ಎಂದು ಕೇಳತಕ್ಕುದು. ಯಾವ ಒಲೆ ಮೊದಲು ಎಂಬುದನ್ನೂ ಅಲ್ಲಿ ನಾಣ್ಯಕ್ಕೇ ಬಿಡಬೇಕು; ಏಕೆಂದರೆ ಎರಡನೆಯ ಸಲ ಕೈ ಪಳಗಿರುತ್ತದೆ, ಸೌದೆ ಒಣಗಿರುತ್ತದೆ.

ಈ ಕ್ರಮಕ್ಕೂ ಬೆಲೆಯುಂಟು. ಜೋಡಿಗೂಡಿಸದಿದ್ದರೆ ಹದಿನೆಂಟು ಇರುತ್ತಿದ್ದ ಸ್ವಾತಂತ್ರ್ಯಾಂಶಗಳು ಅಟ್ಟೆಯ ಲೆಕ್ಕದಲ್ಲಿ ಒಂಬತ್ತಕ್ಕೆ ಇಳಿದವು. ಇದರಿಂದ, ಶೇಕಡಾ ಐದರ ಮಟ್ಟದಲ್ಲಿ 'ಟಿ' ದಾಟಬೇಕಾದ ಗೆರೆ 2.10ರಿಂದ 2.26ಕ್ಕೆ ಏರುತ್ತದೆ. ಒಬ್ಬನ ಎರಡು ಕಾಲುಗಳಂತೆ ನಿಜವಾಗಿ ಹೊಂದುವ ಜೋಡಿಯಾದರೆ ಈ ಬೆಲೆ ಅತ್ಯಲ್ಪ. ಹೆಸರಿನ ಮೊದಲ ಅಕ್ಷರ ಒಂದೇ ಎಂದು ಇಬ್ಬರು ಅಪರಿಚಿತರನ್ನು ಕೂಡಿಸಿದರೆ ಬೆಲೆ ತೆತ್ತದ್ದಷ್ಟೆ, ಪಡೆದುದೇನೂ ಇಲ್ಲ. ಅಂಕಿಗಳು ಬಂದ ಮೇಲೆ ತಮಗೆ ಒಪ್ಪುವಂತೆ ಜೋಡಿಗಳನ್ನು ಕಟ್ಟುವವರಂತೂ ಪರೀಕ್ಷೆಯನ್ನೇ ಕೆಡಿಸುತ್ತಾರೆ. ಯಾರಿಗೆ ಯಾರು ಜೊತೆ ಎಂಬುದು ಮೊದಲ ಅಳತೆಗೆ ಮುನ್ನವೇ ಬರಹದಲ್ಲಿರಬೇಕು.