ಬಯಲೂ ಕಾಡೇ ಎಂಬುದನ್ನು ಮರೆಯದಿರೋಣ

ಮಲೆನಾಡಿನ ನಮಗೆ ಕಾಡೆಂದರೆ ಮುಗಿಲು ಮುಟ್ಟುವ ಮರಗಳು. ಆದ್ದರಿಂದಲೇ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೆ ಹೋಗಿಬಂದ ನಮ್ಮವರು ‘ಅಲ್ಲಿ ನೋಡಲು ಏನಿದೆ?’ ಎಂದು ಕೇಳುತ್ತಾರೆ. ಆ ನೆಲಕ್ಕೆ ಕೇಡು ತಂದದ್ದು ಇದೇ ಮಾತು.

ಮಳೆ ಕಡಿಮೆಯಾದ ಆ ಸೀಮೆಯ ಸಹಜ ಕಾಡು ಹುಲ್ಲುಗಾವಲು ಮತ್ತು ಕುರುಚಲು. ದೂರದಿಂದಲೇ ಅಪಾಯವನ್ನು ಕಂಡು ಓಡಿ ಪಾರಾಗುವ ಕೃಷ್ಣಮೃಗಕ್ಕೆ, ನೆಲದ ಮೇಲೆ ಒಂದೇ ಮೊಟ್ಟೆಯಿಡುವ ಎರೆಭೂತ ಹಕ್ಕಿಗೆ, ಕುರಿಗಾಹಿಗಳ ಹಿಂಡಿಗೆ ಬಯಲೇ ಆಸರೆ. ಸರ್ಕಾರದ ಕಡತಗಳು ಇಂಥ ನೆಲವನ್ನು ‘ಬಂಜರು’ ಎಂದು ಕರೆದವು. ಬಂಜರಿಗೆ ಹಸಿರು ಹೊದಿಸುವ ಹೆಸರಿನಲ್ಲಿ ನೀಲಗಿರಿ ಬಂದಿತು. 1974ರಲ್ಲಿ ಸುಮಾರು 119 ಚದರ ಕಿಲೋಮೀಟರ್ ಪ್ರದೇಶವನ್ನು ಅಭಯಾರಣ್ಯವೆಂದು ಘೋಷಿಸಲಾಯಿತು. ಆದರೂ ಅದರ ಬಹುಭಾಗ ನೀಲಗಿರಿ ತೋಪಾಗಿಯೇ ಉಳಿಯಿತು. ಎರೆಭೂತ ಅಲ್ಲಿಂದ ಕಣ್ಮರೆಯಾಯಿತು.

‘ಕೃಷ್ಣಮೃಗಗಳು ಹೆಚ್ಚಿವೆಯಲ್ಲ?’ ಎನ್ನುವವರಿದ್ದಾರೆ. ತೋಪು ಅಡಗಲು ನೆರಳು ಕೊಟ್ಟೀತು, ಹೊಟ್ಟೆಗೆ ಹುಲ್ಲು ಕೊಡದು. ಹಸಿದ ಹಿಂಡು ಎಲ್ಲಿಗೆ ಹೋಗಬೇಕು? ಸುತ್ತಲಿನ ರೈತನ ಹೊಲಕ್ಕೆ. ಇಲಾಖೆ ನೆಟ್ಟ ತೋಪಿನ ಕಂದಾಯವನ್ನು ರೈತ ತನ್ನ ಬೆಳೆಯಿಂದ ತೆರಬೇಕೆ? ಹಾಗೆಂದು ಮೃಗವನ್ನು ಶತ್ರುವೆನ್ನುವುದೂ ಅನ್ಯಾಯ. ಇಬ್ಬರ ಅನ್ನವನ್ನೂ ಕಸಿದದ್ದು ಒಂದೇ ತಪ್ಪು.

ಈ ತಪ್ಪನ್ನು ಈ ಜಿಲ್ಲೆಯ ಜನರೇ ಮೊದಲು ಎತ್ತಿ ತೋರಿದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ನಡೆದ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹದಲ್ಲಿ ನೀಲಗಿರಿ ಸಸಿ ಕಿತ್ತು ಜನೋಪಯೋಗಿ ಸಸಿ ನೆಟ್ಟರು. ಊರ ಗೋಮಾಳಗಳನ್ನು ಕಾರ್ಖಾನೆಯ ನಾರಿಗೆ ಒಪ್ಪಿಸಿದ್ದ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಯನ್ನು 1991ರಲ್ಲಿ ಮುಚ್ಚಲು ಸರ್ಕಾರ ತೀರ್ಮಾನಿಸಬೇಕಾಯಿತು. 2017ರಲ್ಲಿ ರಾಜ್ಯದಲ್ಲಿ ಹೊಸದಾಗಿ ನೀಲಗಿರಿ ಬೆಳೆಸುವುದಕ್ಕೆ ನಿಷೇಧವೂ ಬಂದಿತು. ಆದರೆ ನಿಷೇಧದ ಆದೇಶ ಬೇರನ್ನು ಕೀಳದು. ಕಡಿದ ಬುಡದಿಂದ ನೀಲಗಿರಿ ಮತ್ತೆ ಚಿಗುರುತ್ತದೆ.

ಆದ್ದರಿಂದ ನಮ್ಮ ಒತ್ತಾಯವಿಷ್ಟು: ಅಭಯಾರಣ್ಯದ ನೀಲಗಿರಿಯನ್ನು ಹಂತಹಂತವಾಗಿ ಬುಡಸಹಿತ ತೆಗೆದು ಅಲ್ಲಿನದೇ ಹುಲ್ಲಿಗೆ ಎಡೆ ಮಾಡಿಕೊಡಬೇಕು, ಬೆಳೆ ಕಳೆದುಕೊಂಡ ರೈತನನ್ನು ಕಚೇರಿಗೆ ಅಲೆಸದೆ ಪರಿಹಾರ ನೀಡಬೇಕು, ಬ್ಯಾಡಗಿ, ಹಾವೇರಿ, ರಾಣೆಬೆನ್ನೂರಿನ ಗೋಮಾಳಗಳನ್ನು ಬಂಜರೆಂದು ಬರೆಯುವುದನ್ನು ಕೈಬಿಡಬೇಕು.

ವಿದ್ಯಾರ್ಥಿ ಮಿತ್ರರೇ, ವನಮಹೋತ್ಸವದ ದಿನ ಗುದ್ದಲಿ ಹಿಡಿಯುವ ಮೊದಲು ಆ ನೆಲಕ್ಕೆ ಮರ ಬೇಕೋ ಹುಲ್ಲು ಬೇಕೋ ಎಂದು ಊರ ಕುರಿಗಾಹಿಯನ್ನು ಕೇಳಿರಿ. ನಮ್ಮ ಬೆಟ್ಟದ ಮೇಲೆ ಅಕೇಶಿಯಾ ಹೇರಿದಾಗ ನಾವು ಸಿಟ್ಟಾದೆವು. ಬಯಲಿನವರ ಸಿಟ್ಟೂ ಅದೇ. ಎರಡೂ ಹೋರಾಟಗಳು ಒಂದಾಗಲಿ.