ಗೋಡೆಗೆ ತೂಗುಹಾಕಿದ ಕೌದಿ

ಮಣಿಕೊಂಡದ ನಮ್ಮ ಅಪಾರ್ಟ್‌ಮೆಂಟಿನ ಹನ್ನೊಂದನೇ ಮಹಡಿಯಲ್ಲಿ ಒಬ್ಬ ಕನ್ನಡದ ಮಿತ್ರರಿದ್ದಾರೆ. ಬೆಂಗಳೂರಿನವರು, ಗಚ್ಚಿಬೌಲಿಯಲ್ಲಿ ಕಂಪನಿ ಕೆಲಸ, ವಯಸ್ಸಿನಲ್ಲಿ ನನ್ನ ಮಗನಿಗಿಂತ ಒಂದೆರಡು ವರ್ಷ ದೊಡ್ಡವರು. ಪರವೂರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಬಳಗದವರೇ ಸಿಕ್ಕಂತಾಗುತ್ತದಲ್ಲ, ಹಾಗಾಗಿ ಅವರು ಚಹಾಕ್ಕೆ ಕರೆದ ದಿನ ನಾನೂ ನನ್ನ ಹೆಂಡತಿಯೂ ಸಂತೋಷದಿಂದಲೇ ಹೋದೆವು. ಹಾಲಿನೊಳಗೆ ಕಾಲಿಟ್ಟರೆ ಎದುರಿಗೆ ಗೋಡೆಯ ಮೇಲೆ ಗಾಜಿನ ಚೌಕಟ್ಟು, ಅದಕ್ಕೆ ಮೇಲಿನಿಂದ ಪುಟ್ಟ ದೀಪ. ಒಳಗಿದ್ದದ್ದು ಒಂದು ಕೌದಿ.

“ಆಫ್ರಿಕನ್ ಆರ್ಟ್ ಸರ್. ನಮ್ಮ ಕರ್ನಾಟಕದ್ದೇ. ಒಂದೊಂದು ಪೀಸಿನಲ್ಲೂ ಒಂದೊಂದು ಕಥೆ ಇದೆ” ಅಂದರು.

“ಭಾಳ ಚೆಂದ ಐತ್ರಿ. ಯಾರು ಹೊಲಿದದ್ದು?”

“ಸಿದ್ದಿ ಟ್ರೈಬ್ ಸರ್.”

“ಅದು ನೋಡಿದ ಕೂಡಲೇ ಗೊತ್ತಾತು. ಹೊಲಿದವರ ಹೆಸರೇನು?”

ಅವರು ಹೆಂಡತಿಯ ಮುಖ ನೋಡಿದರು, ಅವರು ಇವರ ಮುಖ ನೋಡಿದರು. “ಹೆಸರು... ಅದೇನೂ ಕೊಟ್ಟಿಲ್ಲ ಸರ್.”

ಎಷ್ಟಕ್ಕೆ ಬಂತು ಎಂದು ಕೇಳಿದೆ. ಅದನ್ನು ಮಾತ್ರ ಥಟ್ಟನೆ ಹೇಳಿದರು, ಜಿಎಸ್‌ಟಿ ಸಮೇತ. ಚಹಾ ಚೆನ್ನಾಗಿತ್ತು. ಕುಡಿದು ಬಂದೆ. ಆದರೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಆ ಸಂಕಟವೇ ಈ ಬರಹ.

ನಾನು ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ದುಡಿದವನು. ಒಂದಷ್ಟು ವರ್ಷ ಹಳಿಯಾಳ ಕಡೆಯ ಶಾಖೆಯಲ್ಲಿದ್ದೆ. ಸಂತೆಯ ದಿನ ಕಾಡಿನ ವಾಡೆಗಳಿಂದ ಸಿದ್ದಿ ಹೆಂಗಸರು ಬರುತ್ತಿದ್ದರು. ಹೆಬ್ಬೆಟ್ಟು ಒತ್ತಿದರೆ ಪಕ್ಕದಲ್ಲಿ ನಮ್ಮ ಗುಮಾಸ್ತ ಅವರ ಹೆಸರು, ಗಂಡನ ಅಥವಾ ತಂದೆಯ ಹೆಸರು, ಊರು ಬರೆದು ಸಹಿ ಮಾಡಬೇಕು. ನೂರು ರೂಪಾಯಿ ಹಿಂತೆಗೆದರೂ ಇದೇ ನಿಯಮ. 2002ರಲ್ಲಿ ರಿಸರ್ವ್ ಬ್ಯಾಂಕು ಕೆವೈಸಿ ತಂದ ಮೇಲಂತೂ ಫೋಟೊ, ವಿಳಾಸ, ಗುರುತಿನ ಚೀಟಿ ಎಲ್ಲಾ ಬೇಕಾಯಿತು. ಸಾಲ ಕೇಳಲು ಬಂದಾಗ ಅವರ ಇಡೀ ಜಾತಕ ಕೇಳುತ್ತೇವೆ. ಅವರೇ ಹೊಲಿದ ಕೌದಿಯನ್ನು ಸಾವಿರಾರು ರೂಪಾಯಿಗೆ ಕೊಳ್ಳುವಾಗ ‘ಸಿದ್ದಿ ಟ್ರೈಬ್’ ಎಂಬ ಎರಡು ಶಬ್ದ ಸಾಕಾಗುತ್ತದೆ. ಇದು ಯಾವ ಲೆಕ್ಕ?

ಗೊತ್ತಿಲ್ಲದವರಿಗೆ ಎರಡು ಮಾತು. ಸಿದ್ದಿಗಳ ಹಿರಿಯರು ಆಫ್ರಿಕದವರು. ಪೋರ್ಚುಗೀಸರು ಅವರಲ್ಲಿ ಎಷ್ಟೋ ಜನರನ್ನು ಗುಲಾಮರಾಗಿ ಗೋವಾಕ್ಕೆ ತಂದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ಕಾಡು ಸೇರಿದರು. ಇವತ್ತು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯೂ, ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲೂ ಅವರಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲು 2003ರ ತನಕ ಕಾಯಬೇಕಾಯಿತು. ಧಾರವಾಡ, ಬೆಳಗಾವಿಯವರು 2020ರ ತನಕ ಕಾದರು. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸಮುದಾಯದಿಂದ ಶಾಸಕಾಂಗದ ಮೆಟ್ಟಿಲು ಹತ್ತಿದ ಮೊದಲಿಗರು ಅವರೇ.

ಅವರ ಕೌದಿಗೆ ಕವಂದಿ ಎಂದೂ ಕರೆಯುತ್ತಾರೆ. ಹೊಸ ಬಟ್ಟೆ ಕೊಂಡು ಮಾಡುವ ವಸ್ತು ಅಲ್ಲ ಅದು. ಕೆಳಗೆ ಹಳೇ ಸೀರೆ, ಮೇಲೆ ಮನೆಯವರು ಉಟ್ಟು ತೊಟ್ಟು ಹರಿದ ಅಂಗಿ, ಲಂಗ, ಲುಂಗಿಯ ತುಂಡುಗಳು. ಅಂಚಿನಿಂದ ಹೊಲಿಗೆ ಹಿಡಿದು ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಬಟ್ಟೆಯನ್ನು ಮಡಚಿ ಮಡಚಿ ತ್ರಿಕೋನ ಕೂಡಿಸುತ್ತಾರೆ. ಅದಕ್ಕೆ ಫುಲ ಅಂತಾರೆ, ಅಂದರೆ ಹೂವು. ಹೂವಿಲ್ಲದ ಕೌದಿ ಪೂರ್ತಿಯಾದ ಕೌದಿ ಅಲ್ಲ. ಕ್ರೈಸ್ತರ ಮನೆಯದಾದರೆ ಎಲ್ಲೋ ಒಂದು ಶಿಲುಬೆ, ಮುಸ್ಲಿಮರ ಮನೆಯದಾದರೆ ಅರ್ಧಚಂದ್ರ ಕಾಣಬಹುದು. ಗೋಡೆಯ ಮೇಲೆ ಕಥೆಯಂತೆ ಕಾಣುವುದು ಅವರಿಗೆ ಕಥೆಯಲ್ಲ, ಮನೆಯ ಲೆಕ್ಕ: ಇದು ಸತ್ತ ಅತ್ತೆಯ ಸೀರೆ, ಇದು ಮಗ ಮೊದಲ ದಿನ ಸಾಲೆಗೆ ಹಾಕಿಕೊಂಡು ಹೋದ ಅಂಗಿ. ಆ ಲೆಕ್ಕ ಓದಬಲ್ಲವಳು ಹೊಲಿದವಳು ಒಬ್ಬಳೇ. ಅವಳ ಹೆಸರು ಕಳೆದ ದಿನವೇ ಕಥೆಯೂ ಕಳೆಯಿತು. ಗಾಜಿನ ಹಿಂದೆ ಉಳಿದದ್ದು ಬಣ್ಣ ಮಾತ್ರ.

ಈಗ ‘ಆಫ್ರಿಕನ್ ಆರ್ಟ್’ ಎಂಬ ಮಾತಿಗೆ ಬರೋಣ. ಹೆನ್ರಿ ಡ್ರೂವಾಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಈ ಶತಮಾನದ ಮೊದಲ ದಶಕದಲ್ಲಿ ಇಲ್ಲಿಗೆ ಬಂದು ಈ ಕೌದಿಗಳನ್ನು ಕಂಡು, ಹೆಂಗಸರ ಸಹಕಾರಿ ಗುಂಪು ಕಟ್ಟಲು ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನವೂ ಆಯಿತು. ಒಳ್ಳೆಯ ಕೆಲಸ, ನಾನು ಅಲ್ಲಗಳೆಯುವುದಿಲ್ಲ. ಆದರೆ ಕೌದಿ ಹೊಲಿಯುವುದು ಉತ್ತರ ಕರ್ನಾಟಕದ ಎಲ್ಲಾ ಜಾತಿಯ ಬಡ ಮನೆಗಳಲ್ಲೂ ಇತ್ತು. ಸಿದ್ದಿಗಳ ಬಣ್ಣದ ಜೋಡಣೆಯಲ್ಲಿ, ಆ ಹೂವಿನಲ್ಲಿ ಅವರದೇ ಒಂದು ಕೈ ಇದೆ, ನಿಜ. ಆ ಕೈ ಆಫ್ರಿಕದ್ದೂ ಹೌದು, ಯಲ್ಲಾಪುರದ್ದೂ ಹೌದು. ಬೆಲೆ ಏರಲಿ ಎಂದು ಒಂದು ಅರ್ಧವನ್ನು ಮಾತ್ರ ಚೀಟಿಯ ಮೇಲೆ ಬರೆದರೆ, ನಾಲ್ಕು ನೂರು ವರ್ಷ ಇಲ್ಲೇ ಬಾಳಿದವರನ್ನು ಮತ್ತೆ ಪರದೇಶಿಗಳನ್ನಾಗಿ ಮಾಡಿದಂತೆ.

ಆಫ್ರಿಕದ ಕಲೆ ಎಂದರೇನು ಎಂದು ನಿಜವಾಗಿ ತಿಳಿಯಬೇಕಿದ್ದರೆ ಎಲ್ ಅನಾಟ್ಸುಯಿ ಅವರನ್ನು ನೋಡಿ. 1944ರಲ್ಲಿ ಘಾನಾದಲ್ಲಿ ಹುಟ್ಟಿ, ಬದುಕಿನ ಬಹುಭಾಗ ನೈಜೀರಿಯಾದಲ್ಲಿ ಕಳೆದವರು. ಅಂದರೆ ಅವರೂ ನಮ್ಮ ಹಾಗೆ ಮನೆ ಬಿಟ್ಟವರೇ. ಬಿಸಾಡಿದ ಹೆಂಡದ ಬಾಟಲಿಗಳ ಮುಚ್ಚಳವನ್ನು ತಾಮ್ರದ ತಂತಿಯಿಂದ ಹೆಣೆದು ಗೋಡೆ ತುಂಬುವ ಬಟ್ಟೆಯಂಥದ್ದನ್ನು ಮಾಡುತ್ತಾರೆ. ಯುರೋಪಿನವರು ಆಫ್ರಿಕಕ್ಕೆ ಹೆಂಡ ತಂದರು, ಅಲ್ಲಿಂದ ಮನುಷ್ಯರನ್ನು ಒಯ್ದರು. ಆ ಮುಚ್ಚಳದಲ್ಲಿ ಆ ನೆನಪಿದೆ. 2015ರಲ್ಲಿ ವೆನಿಸ್ ಬಿಯೆನಾಲೆ ಅವರಿಗೆ ಜೀವಮಾನದ ಸ್ವರ್ಣಸಿಂಹ ಕೊಟ್ಟಿತು. ಅವರ ಕೃತಿ ಯಾವ ಮ್ಯೂಸಿಯಮ್ಮಿನಲ್ಲಿದ್ದರೂ ಚೀಟಿಯ ಮೇಲೆ ಮೊದಲು ಅವರ ಹೆಸರು, ಆಮೇಲೆ ಉಳಿದದ್ದು. ‘ಘಾನಾ ಟ್ರೈಬ್’ ಎಂದು ಬರೆದರೆ ಜಗತ್ತು ನಗುತ್ತದೆ. ಹಳೆಯ ಮುಚ್ಚಳ ಜೋಡಿಸಿದವರಿಗೆ ಹೆಸರಿದೆ, ಹಳೆಯ ಸೀರೆ ಜೋಡಿಸಿದವಳಿಗೆ ಯಾಕಿಲ್ಲ? ಅವಳು ಹೆಂಗಸು, ಬಡವಳು, ಕಾಲೇಜಿಗೆ ಹೋಗಲಿಲ್ಲ. ಬೇರೆ ಕಾರಣ ನನಗೆ ಕಾಣುತ್ತಿಲ್ಲ.

ಹೆಸರೊಂದಿದ್ದರೆ ಸಾಕು ಎಂದೂ ನಾನು ಹೇಳುವುದಿಲ್ಲ. ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಎಂಬ ಊರಿದೆ. ಗುಲಾಮರ ಸಂತತಿಯ ಕಪ್ಪು ಹೆಂಗಸರು ಅಲ್ಲಿ ಕೌದಿ ಹೊಲಿಯುತ್ತಾರೆ. 2002ರಲ್ಲಿ ಹ್ಯೂಸ್ಟನ್ನಿನಲ್ಲೂ ಆಮೇಲೆ ನ್ಯೂಯಾರ್ಕಿನಲ್ಲೂ ದೊಡ್ಡ ಪ್ರದರ್ಶನವಾಯಿತು, ಹೆಸರುಗಳೂ ಬಂದವು, 2006ರಲ್ಲಿ ಅಂಚೆಚೀಟಿಯೂ ಬಂತು. 2007ರಲ್ಲಿ ಅವರಲ್ಲೇ ಕೆಲವರು ತಮಗೆ ಬರಬೇಕಾದ ಹಣ ಬಂದಿಲ್ಲವೆಂದು ಕೋರ್ಟಿಗೆ ಹೋದರು, ಮರುವರ್ಷ ರಾಜಿಯಾಯಿತು. ಯಾರು ಸರಿ ಎಂದು ನಾನು ತೀರ್ಪು ಕೊಡುವವನಲ್ಲ. ಕೀರ್ತಿ ಬಂದಾಗಲೂ ಪಾಸ್‌ಬುಕ್ಕು ತೆಗೆದು ನೋಡಬೇಕು ಎನ್ನುವುದಷ್ಟೇ ಇದರ ಪಾಠ.

ಮಿತ್ರರು ಕೇಳಬಹುದು: “ನಾವು ಕೊಳ್ಳದಿದ್ದರೆ ಈ ಕಲೆ ಉಳೀತದಾ ಸರ್? ಅವರಿಗೆ ನಾಲ್ಕು ಕಾಸು ಸಿಗೋದು ಬೇಡವಾ?” ಸಿಗಬೇಕು ಮಾರಾಯ್ರೆ! ದುಡ್ಡನ್ನು ತುಚ್ಛವಾಗಿ ಕಾಣುವ ಸಂನ್ಯಾಸಿ ನಾನಲ್ಲ, ಎಂಕಾಂ ಓದಿದವನು. ಕೊಳ್ಳಿ, ಧಾರಾಳವಾಗಿ ಕೊಳ್ಳಿ. ಆದರೆ ದುಡ್ಡು ಕೊಟ್ಟು ವಸ್ತುವನ್ನು ತರಬಹುದು, ನೆನಪನ್ನಲ್ಲ. ನೆನಪು ಹೊಲಿದವಳ ಹತ್ತಿರ ಇರುತ್ತದೆ. ಅವಳ ಹತ್ತಿರ ಹೋಗಿ ಕೂತು ಕೇಳಿದರೆ ಒಂದಿಷ್ಟು ಕೊಟ್ಟಾಳು.

ಆಫ್ರಿಕದ ಮೇಲೆ ಅಷ್ಟು ಪ್ರೀತಿ ಇದ್ದರೆ ಹೈದರಾಬಾದಿನಲ್ಲೇ ಅದು ಇದೆಯಲ್ಲ. ಮಾಸಾಬ್ ಟ್ಯಾಂಕ್ ಹತ್ತಿರದ ಎ.ಸಿ. ಗಾರ್ಡ್ಸ್ ಬಡಾವಣೆಯ ಹೆಸರಿನಲ್ಲಿರುವ ಎ ಅಂದರೆ ಆಫ್ರಿಕನ್. ನಿಜಾಮರ ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್ ಸವಾರರು ಅಲ್ಲಿದ್ದರು. ಅವರ ವಂಶದವರು ಇನ್ನೂ ಇದ್ದಾರೆ, ಮದುವೆಯಲ್ಲಿ ಮರ್ಫಾ ಬಾರಿಸುತ್ತಾರೆ. ಆ ರಸ್ತೆಯಲ್ಲಿ ದಿನಾ ಕಾರು ಓಡಿಸುವ ನಾವು ಎಂದಾದರೂ ಇಳಿದು ಮಾತಾಡಿಸಿದ್ದೇವಾ? ಗೋಡೆಯ ಮೇಲಿನ ಆಫ್ರಿಕ ಮಾತಾಡುವುದಿಲ್ಲ, ಏನನ್ನೂ ಕೇಳುವುದಿಲ್ಲ. ಅದೇ ಅದರ ಅನುಕೂಲ.

ಇಷ್ಟು ಬರೆದ ಮೇಲೆ ನನ್ನ ತಪ್ಪನ್ನೂ ಹೇಳಲೇಬೇಕು. ನಮ್ಮ ಅವ್ವ ಹೊಲಿದ ಒಂದು ಕೌದಿ ನಮ್ಮಲ್ಲಿತ್ತು. ಸುತ್ತಲೂ ಹೊಲಿದು ಬಂದು ನಡುವಿನ ಕೊನೆಯ ತುಂಡು ಮುಚ್ಚುವಾಗ ಅವಳು ಒಳಗೆ ಒಂದು ಚೂರು ರೊಟ್ಟಿ ಇಡುತ್ತಿದ್ದಳು. “ಕೌದಿ ಹಸದು ಇರಬಾರ್ದೋ ತಮ್ಮಾ” ಅನ್ನುತ್ತಿದ್ದಳು. 2021ರಲ್ಲಿ ಧಾರವಾಡದ ಮನೆ ಖಾಲಿ ಮಾಡಿ ಮಗನ ಹತ್ತಿರ ಮಣಿಕೊಂಡಕ್ಕೆ ಬರುವಾಗ ಪ್ಯಾಕಿಂಗಿನ ಹುಡುಗರು ಫ್ರಿಜ್ಜಿಗೆ ಸುತ್ತಲು ಹಳೇ ಬಟ್ಟೆ ಕೇಳಿದರು. ಅಟ್ಟದ ಮೇಲಿದ್ದ ಆ ಕೌದಿಯನ್ನು ಕೊಟ್ಟವನು ನಾನೇ. ಫ್ರಿಜ್ಜು ಒಂದು ಗೀರೂ ಇಲ್ಲದೆ ಬಂತು. ಕೌದಿ ಲಾರಿಯಲ್ಲೇ ಹೋಯಿತು. ಎಂಟು ದಿನದ ಮೇಲೆ ಹೆಂಡತಿ ಕೇಳಿದಾಗಲೇ ನನಗೆ ನೆನಪಾದದ್ದು. ಫೋನು ಮಾಡಿದೆ, “ಯಾವ ಹಳೇ ಬಟ್ಟೆ ಸಾರ್?” ಅಂದರು. ಅವರ ತಪ್ಪೇನಿಲ್ಲ, ನಾನೇ ಅದನ್ನು ಹಳೇ ಬಟ್ಟೆ ಎಂದು ಕೊಟ್ಟಿದ್ದೆ. ಅದರಲ್ಲಿ ಯಾವ ತುಂಡು ಯಾರದೆಂದು ಅವ್ವನನ್ನು ಒಮ್ಮೆಯೂ ಕೇಳಿರಲಿಲ್ಲ. ಈಗ ಕೇಳೋಣವೆಂದರೆ ಅವಳಿಲ್ಲ.

ಹಾಗಾಗಿ ಹನ್ನೊಂದನೇ ಮಹಡಿಯ ಮಿತ್ರರಿಗಿಂತ ನಾನು ದೊಡ್ಡವನೇನಲ್ಲ. ಅವರು ತಂದು ತೂಗುಹಾಕಿದರು, ನಾನು ಇದ್ದದ್ದನ್ನು ಕಳೆದೆ. ಇಬ್ಬರೂ ಕೇಳಲಿಲ್ಲ.

ಮನೆ ಬಿಟ್ಟು ದೂರ ಇರುವವರಿಗೆ ನನ್ನದೊಂದು ಮಾತು. ನಿಮ್ಮ ಅಟ್ಟದ ಮೇಲೆ ಕೌದಿ ಇದ್ದರೆ ಈ ಭಾನುವಾರವೇ ಇಳಿಸಿ. ಊರಿಗೆ ಫೋನು ಹಚ್ಚಿ ಅವ್ವನನ್ನೋ ಅತ್ತೆಯನ್ನೋ ಚಿಕ್ಕವ್ವನನ್ನೋ ಕೇಳಿ, ಯಾವ ತುಂಡು ಯಾರದು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹೊಸದು ಬೇಕಿದ್ದರೆ ಅಂಗಡಿಯ ಬದಲು ಹೊಲಿಯುವವರ ಊರಿಗೇ ಹೋಗಿ. ನಿಮ್ಮ ಮನೆಯ ಹಳೇ ಸೀರೆ, ಅಂಗಿ ಕೊಟ್ಟು, ಅವರು ಹೇಳಿದ ಕೂಲಿ ಚೌಕಾಸಿ ಮಾಡದೆ ಕೊಟ್ಟು ಹೊಲಿಸಿಕೊಳ್ಳಿ. ಮೂಲೆಯಲ್ಲಿ ಅವರ ಹೆಸರನ್ನೂ ಊರನ್ನೂ ದಾರದಲ್ಲೇ ಹಾಕಿಸಿ. ಆಮೇಲೆ ಹೊದ್ದುಕೊಳ್ಳಿ. ಹರಿದರೆ ಮೇಲೊಂದು ತುಂಡು ಕೂಡುತ್ತದೆ. ಕೌದಿ ಉಳಿದು ಬಂದದ್ದೇ ಹಾಗೆ.

ಹನ್ನೊಂದನೇ ಮಹಡಿಯವರು ಮೊನ್ನೆ ಲಿಫ್ಟಿನಲ್ಲಿ ಸಿಕ್ಕಿದ್ದರು. ಮತ್ತೆ ಚಹಾಕ್ಕೆ ಬನ್ನಿ ಅಂದರು. ಖಂಡಿತ ಬರುತ್ತೇನೆ, ಅಷ್ಟರೊಳಗೆ ಆ ಹೆಸರೊಂದು ವಿಚಾರಿಸಿ ಇಟ್ಟಿರಿ ಅಂದೆ. ನಕ್ಕರು. ನಾನು ನಗಲಿಲ್ಲ.